ಎತ್ತಬಾರದ ಫೋನು

ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಸಾಹುಕಾರರು ಅಕ್ಕೋರ ಫೋಟೊ ಹಾಕಿದ್ದರು. ಕೆಳಗೆ ಕೈಮುಗಿದ ನಾಲ್ಕು ಚಿತ್ರ, 'ನಮ್ಮ ಸಂಸ್ಥೆಯ ಬೆನ್ನೆಲುಬಾಗಿದ್ದರು' ಎಂಬ ಒಂದು ಸಾಲು. ಅದರ ಕೆಳಗೆ ಒಬ್ಬರ ಹಿಂದೊಬ್ಬರು ಓಂ ಶಾಂತಿ ಎಂದು ಬರೆದದ್ದೇ ಬರೆದದ್ದು. ಅವರಲ್ಲಿ ಮುಕ್ಕಾಲು ಪಾಲು ಜನ ಅಕ್ಕೋರ ಮುಖ ನೋಡಿದವರೇ ಅಲ್ಲ. ಫೋಟೊ ಕೂಡ ಯಾವುದೋ ವರ್ಷದ ಆಯುಧಪೂಜೆಯ ಗುಂಪಿನಿಂದ ಕತ್ತರಿಸಿ ತೆಗೆದದ್ದು. ಪಕ್ಕದಲ್ಲಿ ಯಾರದೋ ಅರ್ಧ ತೋಳು ಉಳಿದುಕೊಂಡಿತ್ತು. ಆ ತೋಳು ನನ್ನದು.

ಬೆನ್ನೆಲುಬಂತೆ. ಓದಿ ಮೈಯೆಲ್ಲ ಉರಿದುಹೋಯಿತು. ಬದುಕಿದ್ದಾಗ ಆಕೆಯನ್ನು ಆಫೀಸಿನಿಂದ ಬರಿಗೈಯಲ್ಲಿ ಕಳಿಸಿದವರು, ಸತ್ತ ಮೇಲೆ ಬೆನ್ನು ಮೂಳೆ ಎಲ್ಲ ನೆನಪು ಮಾಡಿಕೊಳ್ಳುತ್ತಾರೆ. ನಾನು ಏನೂ ಬರೆಯಲಿಲ್ಲ. ಫೋನು ಕಿಸೆಗಿಟ್ಟು ರಜೆ ಚೀಟಿ ಬರೆದುಕೊಟ್ಟು ಮನೆಗೆ ಬಂದೆ. ಅಲ್ಲಿ ಬರೆಯದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಜೀನ್ಸ್ ಪ್ಯಾಂಟಿನ ವ್ಯಾಪಾರ. ಬಳ್ಳಾರಿಯ ಗಾಂಧಿನಗರದಲ್ಲಿ ಆಫೀಸು, ಊರಾಚೆ ಹೊಲಿಗೆಯ ಶೆಡ್ಡು. ಹೊಲಿದು ಮುಗಿದ ಪ್ಯಾಂಟಿನ ಉಳಿಕೆ ದಾರ ಕತ್ತರಿಸುವುದು, ಗುಂಡಿ ಹಚ್ಚುವುದು, ಮಡಚಿ ಕಟ್ಟುವುದು ಇಷ್ಟನ್ನು ಹೊರಗೆ ಹೆಂಗಸರ ಮನೆಗಳಿಗೆ ಕೊಡುತ್ತಿದ್ದೆವು. ಕೊಳಗಲ್ಲು, ರೂಪನಗುಡಿ, ಕುರುಗೋಡು, ಸಿರುಗುಪ್ಪದವರೆಗೆ ನಮ್ಮ ಟೆಂಪೊ ಬಂಡಲ್ ಹೊತ್ತು ಹೋಗಿ, ಮುಗಿದದ್ದನ್ನು ಹೊತ್ತು ಬರುತ್ತಿತ್ತು. ಯಾವ ದಿನ ಯಾವ ಮನೆಗೆ ಹೋಗಬೇಕು ಎಂದು ಡ್ರೈವರಿಗೆ ಹೇಳುವವರು ಅಕ್ಕೋರು. ಸಾಲಿ ಕಲಿಸುವ ಅಕ್ಕೋರಲ್ಲ. ಉದ್ದನೆಯ ರಿಜಿಸ್ಟರಿನಲ್ಲಿ ಹಾಜರಿ ಹಾಕಿದ ಹಾಗೆ ಟಿಕ್ ಹಾಕುತ್ತಿದ್ದುದಕ್ಕೆ ಹೆಂಗಸರೇ ಇಟ್ಟ ಹೆಸರದು. ಸ್ವಂತ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು; ಅದನ್ನು ನಾನಿಲ್ಲಿ ಹೇಳುವುದಿಲ್ಲ.

ಕುಳ್ಳಗಿನ, ಗಟ್ಟಿ ಆಳು. ತುರುಬಿನಲ್ಲಿ ಸಿಕ್ಕಿಸಿದ ಪೆನ್ಸಿಲು, ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಪುಟ್ಟ ಕತ್ತರಿ. ಸಿಟ್ಟು ಬಂದರೆ ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಳ್ಳುತ್ತಿದ್ದರು, ಮತ್ತು ಸಿಟ್ಟು ದಿನಕ್ಕೆ ನಾಲ್ಕು ಸಲ ಬರುತ್ತಿತ್ತು. ಬಂಡಲ್ ಎಣಿಸುವುದು ತೆಲುಗಿನಲ್ಲಿ, ಬೈಯುವುದು ಕನ್ನಡದಲ್ಲಿ, ಬೈಸಿಕೊಂಡು ಮುಖ ಊದಿಸಿಕೊಂಡ ಡ್ರೈವರನ್ನು ಸಮಾಧಾನ ಮಾಡುವುದು ಉರ್ದುವಿನಲ್ಲಿ. ಬೈದ ಅರ್ಧ ಗಂಟೆಗೆ ಅವರೇ ಚಹಾ ತರಿಸುತ್ತಿದ್ದರು. ಬೈಗುಳವನ್ನು ಮರುದಿನಕ್ಕೆ ಉಳಿಸಿಕೊಂಡದ್ದು ನಾನು ಕಂಡಿಲ್ಲ.

ಅವರ ಮೇಜಿನ ಮೇಲೆ ಒಂದು ಹಳೆಯ ಲ್ಯಾಂಡ್‌ಲೈನ್ ಫೋನು, ಅದಕ್ಕೆ ಕರೆ ಮಾಡಿದವರ ನಂಬರು ತೋರಿಸುವ ಒಂದು ಪುಟ್ಟ ಗಾಜಿನ ಕಿಂಡಿ. ಆ ಫೋನನ್ನು ಯಾರೂ ಎತ್ತಬಾರದು. ಅದೇ ಅಲ್ಲಿನ ಕಾನೂನು. ಮನೆಯಲ್ಲಿ ಬಂಡಲ್ ಸಿದ್ಧವಾಯಿತೆಂದರೆ ಹೆಂಗಸರು ಒಂದು ರಿಂಗ್ ಕೊಟ್ಟು ಕಟ್ ಮಾಡುತ್ತಿದ್ದರು. ದಾರವೋ ಗುಂಡಿಯೋ ಮುಗಿದಿದ್ದರೆ ಎರಡು ಸಲ. ಇವತ್ತು ಬರಬೇಡಿ ಎನ್ನಬೇಕಾದರೆ ಮೂರು ಸಲ. ಅಕ್ಕೋರು ಕಿಂಡಿ ನೋಡಿ, ತುರುಬಿನಿಂದ ಪೆನ್ಸಿಲು ಕಿತ್ತು, ರಿಜಿಸ್ಟರಿನಲ್ಲಿ ಗುರುತು ಹಾಕುತ್ತಿದ್ದರು. ಕೊನೆಯ ನಾಲ್ಕು ಅಂಕಿ ಸಾಕು, ಯಾವ ಊರು, ಯಾವ ಓಣಿ, ಯಾರ ಮನೆ ಎಲ್ಲ ಬಾಯಲ್ಲಿರುತ್ತಿತ್ತು.

ಈಗ ಎಲ್ಲರಿಗೂ ಮಾತಾಡಲು ಬೇಕಾದಷ್ಟು ಕರೆ ಸಿಗುವ ಕಾಲದಲ್ಲಿ ಇದೆಂಥ ಪದ್ಧತಿ ಎಂದು ನಾನೂ ಕೇಳಿದ್ದೆ. ಅದಕ್ಕೆ ಉತ್ತರ ಸಿಕ್ಕಿದ್ದು ಹೊಸದಾಗಿ ಸೇರಿದ ಗುಮಾಸ್ತನೊಬ್ಬ ಮರ್ಯಾದೆಗೆ ಆ ಫೋನೆತ್ತಿ "ನಮಸ್ಕಾರ, ಹೇಳ್ರಿ" ಎಂದ ದಿನ. ಆಚೆ ತುದಿಯಲ್ಲಿ ಗಾಬರಿಯಾದ ಹೆಂಗಸಿನ ಕೈಯಿಂದ ಗಂಡ ಫೋನು ಕಸಿದುಕೊಂಡ. "ಯಾವನಲೇ ನೀನು? ನನ್ನ ಹೇಂತಿ ಕೂಡ ಏನಲೇ ನಿನ್ನ ಮಾತು?" ಎಂಬ ಕೂಗು ನಮಗೆಲ್ಲ ಕೇಳಿಸಿತು. ಆಮೇಲೆ ಒಂದು ತಿಂಗಳು ಆ ಮನೆಯಿಂದ ರಿಂಗ್ ಬರಲಿಲ್ಲ, ಕೆಲಸವೂ ಹೋಗಲಿಲ್ಲ. ಅಕ್ಕೋರು ಬಳೆ ಏರಿಸಿಕೊಂಡು ಗುಮಾಸ್ತನ ಮುಂದೆ ನಿಂತರು.

"ಗಂಡನ ಫೋನು, ಅತ್ತಿ ಕಾವಲು, ಎದುರಿಗೆ ಮೈದುನ. ಅವರು ಮಾತಾಡಾಕ ಫೋನ್ ಮಾಡಲ್ಲಪ್ಪ, ಕೆಲಸ ಮುಗದೈತಿ ಅನ್ನಾಕ ಮಾಡ್ತಾರ. ಆ ಒಂದು ರಿಂಗಿನ ಮ್ಯಾಲೆ ಅವರ ಅನ್ನ ಐತಿ. ಎತ್ತಬ್ಯಾಡ."

ಸಾಹುಕಾರರೇ ಒಮ್ಮೆ ಮರೆತು ಕೈ ಹಾಕಿದಾಗ ಅವರ ಕೈ ಮೇಲೂ ಪೆನ್ಸಿಲಿನಿಂದ ಹೊಡೆದಿದ್ದರು. ಆಗ ಸಾಹುಕಾರರು ನಕ್ಕಿದ್ದರು. ಆಗಿನ್ನೂ ಅವರ ವ್ಯಾಪಾರ ಸಣ್ಣದು.

ಇನ್ನೊಂದು ಸಲ ಸಿರುಗುಪ್ಪದ ಒಂದು ಮನೆಯಿಂದ ಮೂರು ರಿಂಗ್ ಬಂತು. ಟೆಂಪೊ ಆಗಲೇ ಅರ್ಧ ದಾರಿಯಲ್ಲಿತ್ತು. ಅಕ್ಕೋರು ಡ್ರೈವರಿಗೆ ಹೇಳಿ ಆ ಮನೆ ಬಿಡಿಸಿದರು, ಕಾರಣ ಕೇಳಲಿಲ್ಲ. ಮರುವಾರ ಗೊತ್ತಾಯಿತು, ಆವತ್ತು ಆ ಮನೆಯ ಸೊಸೆಗೆ ಹೆರಿಗೆಯಾಗಿತ್ತು. ಪ್ಯಾಂಟಿನ ಜೇಬಿಗೆ ಹಾಕುವ ಬಿಳಿ ಬಟ್ಟೆಯ ತುಂಡಿನಲ್ಲಿ ಅಕ್ಕೋರು ಕೂಸಿನ ತಲೆಗೆ ಒಂದು ಕುಂಚಿಗೆ ಹೊಲಿದರು; ಮುಂದಿನ ಬಂಡಲಿನ ಮೇಲೆ ಅದು ಸಿರುಗುಪ್ಪಕ್ಕೆ ಹೋಯಿತು. ಮಾತಿಲ್ಲದೆ ಇಷ್ಟೆಲ್ಲ ನಡೆಯುತ್ತಿತ್ತು.

ಇದನ್ನೆಲ್ಲ ಹಾಳು ಮಾಡಿದ್ದು ಒಬ್ಬ ಹೊರಗಿನ ಸಗಟು ವ್ಯಾಪಾರಿಯ ದೂರು. ಅವನು ನಮ್ಮ ವ್ಯಾಪಾರದ ನಂಬರು ಬಿಟ್ಟು ಅಕ್ಕೋರ ನಂಬರಿಗೆ ಇಡೀ ದಿನ ಫೋನು ಮಾಡಿದ್ದ. ಯಾರೂ ಎತ್ತಿರಲಿಲ್ಲ, ಎತ್ತುವ ಹಾಗೇ ಇರಲಿಲ್ಲವಲ್ಲ. 'ನಿಮ್ಮ ಆಫೀಸಿನಲ್ಲಿ ಜನ ಇದ್ದಾರೋ ಇಲ್ಲವೋ' ಎಂದು ಅವನು ಸಾಹುಕಾರರನ್ನು ಹಂಗಿಸಿದ. ಸಾಹುಕಾರರಿಗೆ ಚುಚ್ಚಿತು. ಹೊಸ ಟೆಲಿಫೋನ್ ವ್ಯವಸ್ಥೆ ತರಬೇಕು, ಮೂರು ಕಡೆಯವರನ್ನು ಕರೆಸು, ಹೋಲಿಕೆ ಪಟ್ಟಿ ಮಾಡು ಎಂದರು. ನಾನು ಮ್ಯಾನೇಜರು. ಪಟ್ಟಿ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಹೆಮ್ಮೆ ನನಗೂ ಇತ್ತು.

ಮೊದಲು ಬಂದವನು ಬಳ್ಳಾರಿಯವನೇ, ಊರಿನ ಅರ್ಧ ಅಂಗಡಿಗಳಿಗೆ ಇಂಟರ್‌ಕಾಮ್ ಹಾಕಿದವನು. ಅವನು ನಮ್ಮ ವೈರುಗಳನ್ನೆಲ್ಲ ಎಳೆದು ನೋಡಿ, ಅಕ್ಕೋರ ಮೇಜಿನ ಹತ್ತಿರ ಅರ್ಧ ಗಂಟೆ ಕುಳಿತು, "ಇದನ್ನ ಮುಟ್ಟಬ್ಯಾಡ್ರಿ. ವ್ಯಾಪಾರದ ಲೈನಿಗೆ ಇನ್ನೊಂದು ಫೋನ್ ಹಾಕ್ರಿ, ಸಾಕು" ಎಂದ. ಲ್ಯಾಪ್‌ಟಾಪ್ ತಂದಿರಲಿಲ್ಲ, ಚಪ್ಪಲಿಗೆ ಧೂಳು ಹತ್ತಿತ್ತು. ಸಾಹುಕಾರರು ಅವನನ್ನು ಬಾಗಿಲವರೆಗೂ ಬೀಳ್ಕೊಡಲಿಲ್ಲ. ಎರಡನೆಯವನು ದರಪಟ್ಟಿ ಕಳಿಸಿ ಸುಮ್ಮನಾದ. ಮೂರನೆಯವನು ಹೈದರಾಬಾದಿನಿಂದ ಕಾರಿನಲ್ಲಿ ಬಂದ. ಗೋಡೆಯ ಮೇಲೆ ಚಿತ್ರ ಬಿಟ್ಟು, ಬಂದ ಕರೆಯನ್ನೆಲ್ಲ ಒಂದು ಪೆಟ್ಟಿಗೆ ತಾನೇ ಎತ್ತಿ, ಹೆಣ್ಣುದನಿಯಲ್ಲಿ ನಮಸ್ಕಾರ ಹೇಳಿ, ಯಾರು ಬೇಕೋ ಆ ಅಂಕಿ ಒತ್ತಿ ಎನ್ನುತ್ತದೆ ಎಂದು ವಿವರಿಸಿದ. ಎಲ್ಲ ವಿಭಾಗದವರೂ ಇರಲಿ ಎಂದು ಸಾಹುಕಾರರು ಅಕ್ಕೋರನ್ನೂ ಕೂರಿಸಿದ್ದರು.

"ಎಷ್ಟನೇ ರಿಂಗಿಗೆ ಎತ್ತತೈತ್ರಿ ಅದು?" ಅಕ್ಕೋರು ಕೇಳಿದರು.

"ಅರ್ಧ ರಿಂಗಿಗೆ ಮೇಡಂ. ಇನ್ನು ನಿಮ್ಮ ಕಂಪನಿಯಲ್ಲಿ ಮಿಸ್ಡ್ ಕಾಲ್ ಅನ್ನೋದೇ ಇರಲ್ಲ."

"ಎತ್ತದಂಗ ಸುಮ್ಮನ ಇರೋ ಫೋನ್ ಇಲ್ಲೇನ್ರಿ ನಿಮ್ಮ ಕಡಿ?"

ಅವನು ಸಾಹುಕಾರರ ಮುಖ ನೋಡಿದ. ಆಮೇಲೆ, "ಅದಕ್ಕೆ ಫೋನೇ ಬೇಕಾಗಿಲ್ಲ ಮೇಡಂ" ಎಂದ. ಸಾಹುಕಾರರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಸಾಹುಕಾರರು ನಗುವಾಗ ನಗದೆ ಕೂರುವ ಅಭ್ಯಾಸ ನನಗಿರಲಿಲ್ಲ. ಅಕ್ಕೋರು ನಮ್ಮ ಮೂವರನ್ನೂ ಸರದಿಯ ಮೇಲೆ ನೋಡಿದರು. "ನಗ್ರಿ, ನಗ್ರಿ. ನಗಾಕ ಏನಾಗ್ತೈತಿ" ಎಂದು ಎದ್ದು ಹೋದರು.

ನನ್ನ ಹೋಲಿಕೆ ಪಟ್ಟಿಯಲ್ಲಿ ಹದಿನೈದು ಅಂಕಣಗಳಿದ್ದವು. ಎಷ್ಟು ಲೈನು, ಎಷ್ಟು ಭಾಷೆ, ಮಾತು ದಾಖಲಾಗುತ್ತದೆಯೇ, ಕೆಟ್ಟರೆ ಎಷ್ಟು ಹೊತ್ತಿಗೆ ಬರುತ್ತಾರೆ, ಗ್ಯಾರಂಟಿ ಎಷ್ಟು ವರ್ಷ. ಈ ಫೋನಿಗೆ ಕರೆ ಮಾಡುವವರು ಯಾರು ಎಂಬ ಅಂಕಣ ಇರಲಿಲ್ಲ. ಇಷ್ಟು ವರ್ಷ ಆ ಮೇಜಿನ ಪಕ್ಕದಲ್ಲೇ ಕೂತವನಿಗೆ ಅದು ಹೊಳೆಯಲಿಲ್ಲ ಎಂದರೆ ಈಗ ನನಗೇ ನನ್ನ ಕೆನ್ನೆಗೆ ಬಾರಿಸಬೇಕೆನಿಸುತ್ತದೆ.

ಜೋಡಣೆಗೆ ಮುಂಚೆ ತುಂಬಿ ಕಳಿಸುವುದಕ್ಕೆ ಒಂದು ಫಾರಂ ಬಂತು. ಅದರ ಕೊನೆಯಲ್ಲಿ ಒಂದು ಚೌಕ: 'ವ್ಯವಸ್ಥೆಯಿಂದ ಹೊರಗಿಡಬೇಕಾದ ನಂಬರುಗಳು'. ಹೇಗೆ ತಿಳಿಯಿತೋ, ಅಕ್ಕೋರು ನನ್ನ ಮೇಜಿಗೆ ಬಂದರು. ಬಳೆ ಕೆಳಗೇ ಇದ್ದವು. ಅವರು ಕೇಳಿಕೊಳ್ಳುವ ದನಿಯಲ್ಲಿ ಮಾತಾಡಿದ್ದು ಅದೊಂದೇ ಸಲ.

"ಸರ, ನಿಮ್ಮ ಕಾಗದದಾಗ ನನ್ನ ನಂಬರ್ ಒಂದು ಹೊರಗ ಇಡ್ರಿ. ಕಂಬದ ಮ್ಯಾಲೆ, ಬಾಗಲ ಹಿಂದ ಅದನ್ನ ಬರಕೊಂಡು ಕುಂತಾರ ಅವರು. ಓದಾಕ ಬರದೋರು ಬಾಯಿಪಾಠ ಮಾಡ್ಯಾರ. ಇನ್ನೇನೂ ಕೇಳಲ್ಲ ನಾ."

"ಆಗ್ಲಿ ಅಕ್ಕೋರ" ಎಂದೆ. ಅವರು ಹೋದ ಮೇಲೆ ಹೈದರಾಬಾದಿನವನಿಗೆ ಫೋನು ಮಾಡಿದೆ. ಒಂದು ನಂಬರು ಹೊರಗುಳಿದರೆ ರಿಪೋರ್ಟ್ ಪೂರ್ತಿ ಬರುವುದಿಲ್ಲ, ಮಾಲೀಕರನ್ನು ಕೇಳಿ ಹೇಳಿ ಎಂದ. ಸಾಹುಕಾರರನ್ನು ಕೇಳಬೇಕಿತ್ತು. ಕೇಳಿದರೆ ಮತ್ತೆ ನಗುತ್ತಾರೆ, ಈ ಸಲ ನನ್ನನ್ನು ನೋಡಿ ನಗುತ್ತಾರೆ. ಅಷ್ಟಕ್ಕೇ ಹೆದರಿದೆ. ಚೌಕದಲ್ಲಿ 'ಇಲ್ಲ' ಎಂದು ಬರೆದು ಸಹಿ ಹಾಕಿ ಕಳಿಸಿದೆ.

ಶುಕ್ರವಾರ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆದೆವು. ಅಕ್ಕೋರ ಹಳೆಯ ಫೋನು ತೆಗೆದು ಹೊಸದೊಂದು ಕರಿ ಫೋನು ಇಟ್ಟರು. ಅಕ್ಕೋರ ಹತ್ತಿರ ಮಾತಾಡಬೇಕಾದರೆ ನಾಲ್ಕು ಒತ್ತಬೇಕು. ಅವರು ನನ್ನ ಕಡೆ ನೋಡಿದರು. ನಾನು ಹೌದೆನ್ನುವಂತೆ ತಲೆಯಾಡಿಸಿ ಕಾಯಿಯ ಚೂರು ಬಾಯಿಗೆ ಹಾಕಿಕೊಂಡೆ.

ಆ ಕರಿ ಫೋನು ಬಡಿದುಕೊಳ್ಳಲೇ ಇಲ್ಲ. ಮೊದಲ ಎರಡು ದಿನ ಅಕ್ಕೋರು ಅದನ್ನು ಎತ್ತಿ ಕಿವಿಗಿಟ್ಟು ಕೆಳಗಿಡುತ್ತಿದ್ದರು. ಆಮೇಲೆ, ಸಿರುಗುಪ್ಪದ ಕಡೆ ಭತ್ತದ ನಾಟಿ ಹತ್ತಿರಬೇಕು, ಹೆಂಗಸರೆಲ್ಲ ಗದ್ದೆಗೆ ಹೋಗಿರಬೇಕು ಎಂದು ತಮಗೆ ತಾವೇ ಹೇಳಿಕೊಂಡರು. ಎರಡನೇ ವಾರ ಟೆಂಪೊ ನಿಂತಲ್ಲೇ ನಿಂತಿತು. ಸಾಹುಕಾರರು, "ಮನಿ ಹೆಂಗಸರನ್ನ ನಂಬಿದ್ರ ಇಷ್ಟ" ಎಂದು ಒಬ್ಬ ಗುತ್ತಿಗೆದಾರನನ್ನು ಕರೆಸಿ ಮಾತಾಡತೊಡಗಿದರು. ಅವತ್ತೇ ಅಕ್ಕೋರು ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಕುರುಗೋಡಿನ ಬಸ್ಸು ಹತ್ತಿದರು. ಮರುದಿನ ಸಿರುಗುಪ್ಪ.

ಮೂರನೆಯ ದಿನ ಬೆಳಿಗ್ಗೆ ಬಂದಾಗ ಬಳೆಗಳು ಮೊಣಕೈ ದಾಟಿದ್ದವು. ನೇರ ಸಾಹುಕಾರರ ಕೋಣೆಗೆ ನುಗ್ಗಿದರು. ನಾನು ಒಳಗೇ ಇದ್ದೆ.

"ಬಂಡಲ್ ಸೂರು ಮುಟ್ಯಾವ್ರಿ! ಕುರುಗೋಡಾಗ ಒಂದು ಮನ್ಯಾಗ ಮಂಚದ ಮ್ಯಾಲೆ ಪ್ಯಾಂಟ್ ಒಟ್ಟಿ, ಮಕ್ಕಳನ್ನ ನೆಲದ ಮ್ಯಾಲೆ ಮಲಗಿಸ್ಯಾರ. ದಿನಾ ರಿಂಗ್ ಕೊಟ್ಟಾರ. ಇಲ್ಲಿ ಒಬ್ಬಾಕಿ ಮಾತಾಡ್ತಾಳಂತ, ಬಾಳ ಮರ್ಯಾದಿ ಹೆಣ್ಮಗಳಂತ. ಸಿರುಗುಪ್ಪದ ಮುದುಕಿ ಆಕಿಗೆ ಎಲ್ಲಾ ಹೇಳ್ಯಾಳ, ಬಂಡಲ್ ಮುಗದೈತವ್ವಾ, ಗುಂಡಿ ಕಡಿಮಿ ಬಿದ್ದಾವ, ಅಕ್ಕೋರಿಗೆ ಹೇಳು ಅಂತ. ಆಕಿ ನಮಸ್ಕಾರ ಅಂದ್ಲಂತ. ಮುದುಕಿ ಕಾಯ್ಕೊಂತ ಕುಂತಾಳ!"

ಸಾಹುಕಾರರು ಒಂದು ಹಾಳೆ ಮುಂದೆ ತಳ್ಳಿದರು. ಹೊಸ ವ್ಯವಸ್ಥೆಯ ರಿಪೋರ್ಟು. ಬಂದ ಕರೆಗಳನ್ನೆಲ್ಲ ಎತ್ತಲಾಗಿದೆ. ತಪ್ಪಿದ ಕರೆ ಸೊನ್ನೆ.

"ನೋಡ್ರಿ, ಒಂದೂ ಮಿಸ್ಸಾಗಿಲ್ಲ."

"ಅದೇ ನಾನು ಹೇಳಾಕತ್ತಿದ್ದು. ಮಿಸ್ಸಾಗಬೇಕಿತ್ತು ಅವು!" ಎಂದವರೇ ನನ್ನ ಕಡೆ ತಿರುಗಿದರು. "ಸರ, ನನ್ನ ನಂಬರ್ ಹೊರಗ ಇಟ್ಟಿದ್ರಲ್ಲ ನೀವು? ಹೇಳ್ರಿ ಇವರಿಗೆ."

ನಾನು ಬಾಯಿ ತೆರೆಯುವ ಮೊದಲೇ ಸಾಹುಕಾರರು, "ಎಲ್ಲಾ ನಂಬರೂ ಸಿಸ್ಟಮ್ಮಿನಾಗ ಇರಬೇಕು. ಇದು ನನ್ನ ಆಫೀಸು, ನಾನು ಹೇಳಿದಂಗ ಆಗ್ತೈತಿ" ಎಂದು ಗದರಿದರು. ಅಕ್ಕೋರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ರಿಪೋರ್ಟಿನ ಹಾಳೆ ನೋಡುತ್ತಿದ್ದೆ. ಕೊನೆಗೆ ನನ್ನ ಬಾಯಿಂದ ಬಂದ ಮಾತು ಇದು: "ಸಿಸ್ಟಮ್ ಸರಿ ಐತಿ ಅಕ್ಕೋರ."

ಅವರು ಆಮೇಲೆ ಬೈಯಲಿಲ್ಲ. ಹೊರಗೆ ಬಂದು ರಿಜಿಸ್ಟರು ತೆಗೆದುಕೊಂಡರು. ಕಚೇರಿಯ ಆಸ್ತಿ ಎಂದು ಯಾರೋ ಗೊಣಗಿದರು. "ಇದರಾಗಿನ ಜನ ನಿಮ್ಮೋರೇನು?" ಎಂದು ಕೇಳಿ, ಚಪ್ಪಲಿ ಮೆಟ್ಟಿ ಹೋದರು. ಬಾಕಿ ಸಂಬಳಕ್ಕೂ ತಿರುಗಿ ಬರಲಿಲ್ಲ.

ಆ ತಿಂಗಳ ಕೊನೆಗೆ ಗುತ್ತಿಗೆದಾರನ ಶೆಡ್ಡಿಗೆ ಎಲ್ಲ ಕೆಲಸ ಹೋಯಿತು. ಮನೆಗಳಲ್ಲಿ ಉಳಿದಿದ್ದ ಬಂಡಲುಗಳನ್ನು ಪೊಲೀಸರು ಜಪ್ತಿ ಮಾಡಿದ ಹಾಗೆ ಟೆಂಪೊಗೆ ತುಂಬಿ ತಂದರು. ಹೆಂಗಸರ ಕೂಲಿಯ ಪಟ್ಟಿ ಮುಚ್ಚುವ ಕೆಲಸ ನನಗೆ ಬಂತು. ಒಬ್ಬೊಬ್ಬರ ಹೆಸರಿನ ಮುಂದೆಯೂ 'ಸಂಪರ್ಕಕ್ಕೆ ಸಿಗುತ್ತಿಲ್ಲ' ಎಂದು ಬರೆದೆ. ದುಂಡನೆಯ ಅಕ್ಷರ ನನ್ನದು, ಎಲ್ಲರೂ ಹೊಗಳುತ್ತಾರೆ. ದಿನಾ ಫೋನು ಮಾಡುತ್ತಿದ್ದ ಹೆಂಗಸರ ಹೆಸರಿನ ಮುಂದೆ ಈ ಸುಳ್ಳನ್ನೂ ಅಷ್ಟೇ ಚಂದ ಬರೆದೆ.

ವರ್ಷ ತುಂಬುವುದರೊಳಗೆ ಪೆಟ್ಟಿಗೆ ಕೆಟ್ಟು ಕೂತಿತು. ಹೈದರಾಬಾದಿನ ಕಂಪನಿಗೆ ಫೋನು ಮಾಡಿದೆ. ಅರ್ಧ ರಿಂಗಿಗೆ ಎತ್ತಿದರು. ಅದೇ ಮರ್ಯಾದೆಯ ಹೆಣ್ಣುದನಿ. ಒಂದು ಒತ್ತಿ, ಎರಡು ಒತ್ತಿ, ಮೂರು ಒತ್ತಿ, ಮನುಷ್ಯರು ಯಾರೂ ಸಿಗಲಿಲ್ಲ. ಸಾಹುಕಾರರು ನನ್ನ ಮೇಲೆ ಕೂಗಾಡಿದರು. ಮೊದಲು ಬಂದಿದ್ದ ಬಳ್ಳಾರಿಯವನೇ ಮತ್ತೆ ಬಂದು ವೈರು ಸರಿ ಮಾಡಿದ. ಹೋಗುವಾಗ, ಅಕ್ಕೋರ ಖಾಲಿ ಮೇಜು ನೋಡಿ, ಅವರು ಎಲ್ಲಿ ಎಂದು ಕೇಳಿದ. ಬಿಟ್ಟು ಹೋದರು ಎಂದೆ. ಅವನು ಚಹಾ ಕುಡಿಯದೆ ಹೋದ.

ಅಕ್ಕೋರು ಮಗಳನ್ನು ಕರೆದುಕೊಂಡು ಕುರುಗೋಡಿಗೆ ಹೋಗಿ ಮನೆ ಮಾಡಿದ್ದಾರೆಂದು ಡ್ರೈವರಿನಿಂದ ತಿಳಿದಿತ್ತು. ಕುರುಗೋಡು ದೂರವೇನಲ್ಲ, ಬೈಕಿನಲ್ಲಿ ಒಂದು ತಾಸು. ಎರಡು ವರ್ಷ ನನಗೆ ಆ ಒಂದು ತಾಸು ಸಿಗಲಿಲ್ಲ. ಎದೆನೋವು ಬಂದು ತೀರಿಕೊಂಡರಂತೆ; ಆ ಫೋಟೊ ನೋಡಿದ ಮರುದಿನ ಮಗಳನ್ನು ಮಾತಾಡಿಸಲು ಹೋದೆ.

ಮಗಳು ಬಾಗಿಲಲ್ಲೇ ಗುರುತು ಹಿಡಿದಳು. ಒಳಗೆ ಗೋಡೆಯುದ್ದಕ್ಕೂ ಪ್ಯಾಂಟಿನ ಬಂಡಲುಗಳು. ಬಳ್ಳಾರಿಯ ಒಬ್ಬ ಸಣ್ಣ ಹೊಲಿಗೆಯವನನ್ನು ಹಿಡಿದು, ಮನೆ ಮನೆ ತಿರುಗಿ ತಮ್ಮ ಸ್ವಂತ ನಂಬರು ಬಾಯಿಪಾಠ ಮಾಡಿಸಿ, ಅರ್ಧದಷ್ಟು ಹೆಂಗಸರಿಗೆ ಅಕ್ಕೋರು ಮತ್ತೆ ಕೆಲಸ ಹಚ್ಚಿದ್ದರಂತೆ. ಉಳಿದರ್ಧ ಕೂಲಿಗೆ ಹೋದರು. ಚಾಪೆಯ ಮೇಲೆ ಆ ಹಳೆಯ ರಿಜಿಸ್ಟರು, ಅದರ ಮೇಲೆ ಪೆನ್ಸಿಲು, ಪಕ್ಕದಲ್ಲಿ ಒಂದು ಗುಂಡಿ ಒತ್ತುವ ಫೋನು. ನಾನು ಕೂತು ನೀರಿನ ಲೋಟ ತಿರುಗಿಸುತ್ತಿದ್ದೆ. ಆ ಫೋನು ಬಡಿದುಕೊಂಡಿತು. ಅಭ್ಯಾಸಬಲ, ನನ್ನ ಕೈ ಚಾಚಿತು.

"ಎತ್ತಬ್ಯಾಡ್ರಿ!"

ಕೈ ಹಿಂದೆ ತಗೊಂಡೆ. ಒಂದೇ ರಿಂಗಿಗೆ ನಿಂತಿತು. ಅವಳು ನಂಬರು ನೋಡಿ, "ಕೊಳಗಲ್ಲು" ಎಂದು ಟಿಕ್ ಹಾಕಿದಳು. ಕಣ್ಣು ಒರೆಸಿಕೊಂಡು, ಪೆನ್ಸಿಲನ್ನು ತನ್ನ ತುರುಬಿಗೇ ಸಿಕ್ಕಿಸಿಕೊಂಡಳು.

"ನಿಮ್ಮ ಮ್ಯಾಲೆ ಸಿಟ್ಟಿರಲಿಲ್ಲ ಸರ ಅವ್ವಗ" ಎಂದಳು. "ಆಫೀಸ್ನಾಗ ಎಲ್ಲಾರನ್ನೂ ಬೈತಿದ್ಲು, ಸಾವ್ಕಾರ್‍ನ್ನ ಅಂತೂ ದಿನಾ. ನಿಮ್ಮನ್ನ ಮಾತ್ರ ಬಿಡ್ತಿದ್ಲು. ಸರ ನನ್ನ ನಂಬರ್ ಹೊರಗ ಇಟ್ಟು ಬರದಿದ್ರು, ಸಾವ್ಕಾರ್ ಅದನ್ನ ಹೊಡದು ಹಾಕ್ಯಾನ, ಪಾಪ ಅವರು ಅವನ ಮುಂದ ಹೆಂಗ ಹೇಳಬೇಕು, ಅಂತಿದ್ಲು."

ಎರಡು ವರ್ಷ ಆ ಹೆಂಗಸು ನನ್ನ ಪರವಾಗಿ ವಾದ ಮಾಡಿದ್ದರು. ನನ್ನ ಒಂದು 'ಆಗ್ಲಿ'ಯನ್ನು ನಂಬಿ. ಮೊದಲ ಬಾರಿಗೆ ಅವರ ಮೇಲೂ ಸಿಟ್ಟು ಬಂತು. ಎಲ್ಲರನ್ನೂ ಅಳೆದು ನೋಡುತ್ತಿದ್ದವರು ನನ್ನನ್ನೇಕೆ ಅಳೆಯಲಿಲ್ಲ?

"ಸಾಹುಕಾರರು ಹೊಡೆದು ಹಾಕಿಲ್ಲಮ್ಮ" ಎಂದೆ. "ಅಲ್ಲಿ 'ಇಲ್ಲ' ಅಂತ ಬರದವನು ನಾನೇ."

ಅವಳು ರಿಜಿಸ್ಟರು ಮುಚ್ಚಿದಳು. ಬಳೆಗಳನ್ನು ಮೇಲೇರಿಸಿಕೊಂಡಳು. ಬೈಯುತ್ತಾಳೆಂದು ಕಾದೆ; ನಿಜ ಹೇಳಬೇಕೆಂದರೆ ಅದಕ್ಕಾಗಿಯೇ ಕಾದೆ. ಅವಳು ಬೈಯಲಿಲ್ಲ.

"ಅವ್ವ ಇದ್ದಾಗ ಬಂದು ಹೇಳಬೇಕಿತ್ತ್ರಿ" ಎಂದಳು. "ಬೈತಿದ್ಲು. ಬೈದು, ಚಾ ಕುಡಸಿ ಕಳಸ್ತಿದ್ಲು. ನನಗ ಹಂಗ ಮಾಡಾಕ ಬರಲ್ಲ."

ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ.